ಚಿಕನ್-ಅನ್ನ ತಿನ್ನುವ ನಾಯಿಮರಿಯ ಮೂಳೆ ಉಳಿಸಿಕೊಳ್ಳುವುದು ಹೇಗೆ? ಕ್ಯಾಲ್ಸಿಯಂ ಲೆಕ್ಕದ ಸಮಗ್ರ ಮಾರ್ಗದರ್ಶಿ

“ದಿನಾ ಎರಡು ಚಮಚ ಕ್ಯಾಲ್ಸಿಯಂ ಸಿರಪ್ ಕೊಡ್ತಾ ಇದ್ದೀವಿ, ಆದ್ರೂ ಮರಿಯ ಮುಂಗಾಲು ಸೊಟ್ಟ ಆಗ್ತಾ ಇದೆ, ಯಾಕೆ?” ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಕೇಳುವವರು ಮರಿಯನ್ನು ಕಡೆಗಣಿಸಿದವರಲ್ಲ. ಬೋನ್‌ಲೆಸ್ ಚಿಕನ್ ತಂದು, ಬೇಯಿಸಿ, ಅನ್ನಕ್ಕೆ ಕಲಸಿ, ಪಕ್ಕದಲ್ಲಿ ಕೂತು ತಿನ್ನಿಸುವವರೇ ಜಾಸ್ತಿ. ಎಡವುವುದು ಕ್ರಮದಲ್ಲಿ. ಬಾಟಲಿ ಮೊದಲ ದಿನವೇ ಮನೆಗೆ ಬರುತ್ತದೆ, ಊಟದ ಲೆಕ್ಕವನ್ನು ಯಾರೂ ಹಾಕುವುದೇ ಇಲ್ಲ.

ಇಲ್ಲಿ ಕ್ರಮ ಬೇರೆ. ಮೊದಲು ಮರಿಯ ಓಡಾಟ ನಿಲ್ಲಿಸಬೇಕು. ಆಮೇಲೆ ಎಕ್ಸ್-ರೇ. ಆಮೇಲೆ ತೂಕದ ಯಂತ್ರ. ಪುಡಿ, ಸಿರಪ್ ಎಲ್ಲ ಕೊನೆಗೆ, ಅದೂ ಬೇಕಿದ್ದರೆ ಮಾತ್ರ. ತಾಯಿಹಾಲು ಬಿಟ್ಟಲ್ಲಿಂದ ಸುಮಾರು ಒಂದು ವರ್ಷದವರೆಗಿನ ನಾಯಿಮರಿಗಳಿಗೆ ಇದು ಅನ್ವಯಿಸುತ್ತದೆ. ಬೆಕ್ಕಿನ ಮರಿ ಸಾಕಿದವರು ಕೊನೆಯ ಭಾಗವನ್ನೂ ಓದಿ.

## ಏನೇನು ಬೇಕು

ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ, ಒಂದು ನೋಟ್‌ಬುಕ್, ಫೋನಿನ ಕ್ಯಾಮೆರಾ ಮತ್ತು ಕ್ಯಾಲ್ಕುಲೇಟರ್. ಮರಿಗೆ ಈಗ ಕೊಡುತ್ತಿರುವ ಸಿರಪ್, ಮಾತ್ರೆ, ಫುಡ್ ಪ್ಯಾಕೆಟ್ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಡಿ. ಡಾಕ್ಟರ್ ಹತ್ತಿರ ಹೋಗುವಾಗ ಹೆಸರು ಹೇಳುವುದಕ್ಕಿಂತ ಡಬ್ಬಿ ತೋರಿಸುವುದೇ ಒಳ್ಳೆಯದು.

ಚಮಚದ ಅಳತೆ ನಂಬಬೇಡಿ. ಒಬ್ಬರ ಚಮಚ ಇನ್ನೊಬ್ಬರ ಚಮಚದ ಒಂದೂವರೆಯಷ್ಟಿರುತ್ತದೆ.

## ಹಂತ 1: ಇವತ್ತೇ ಹೋಗಬೇಕಾ, ನಾಳೆ ಸಾಕಾ?

ಈ ಲಕ್ಷಣ ಒಂದು ಕಂಡರೂ ಕಾಯಬೇಡಿ, ಅದೇ ದಿನ ಪಶುವೈದ್ಯರಿಗೆ ತೋರಿಸಿ:

- ಹಿಂಗಾಲು ಎಳೆದುಕೊಂಡು ಹೋಗುವುದು, ಎದ್ದು ನಿಲ್ಲಲಾಗದಿರುವುದು
- ಎತ್ತಿಕೊಂಡರೆ, ಬೆನ್ನು ಮುಟ್ಟಿದರೆ ಕಿರುಚುವುದು
- ಸೋಫಾದಿಂದ ಇಳಿದಷ್ಟಕ್ಕೇ ಕಾಲು ಮುರಿಯುವುದು
- ಮೈ ನಡುಕ, ಸೆಟೆತ, ಫಿಟ್ಸ್
- ಮಲ, ಮೂತ್ರ ಕಟ್ಟುವುದು

ಮಲ ಕಟ್ಟುವುದಕ್ಕೂ ಮೂಳೆಗೂ ಏನು ಸಂಬಂಧ ಅನ್ನಿಸಬಹುದು. ಸೊಂಟದ ಮೂಳೆ ಮೆತ್ತಗಾಗಿ ಒಳಕ್ಕೆ ಕುಸಿದರೆ ದಾರಿ ಕಿರಿದಾಗುತ್ತದೆ. ಹೆಣ್ಣು ಮರಿಯಾದರೆ ಮುಂದೆ ಹೆರಿಗೆಗೂ ಇದೇ ತೊಂದರೆ.

ನಿಧಾನವಾಗಿ ಬರುವ ಲಕ್ಷಣಗಳು ಬೇರೆ. ಆಡುವುದು ಕಡಿಮೆಯಾಗುತ್ತದೆ. ಇವತ್ತು ಒಂದು ಕಾಲು ಕುಂಟಿದರೆ ನಾಳೆ ಇನ್ನೊಂದು. ಮೆಟ್ಟಿಲ ಮುಂದೆ ನಿಂತು ಅನುಮಾನಿಸುತ್ತದೆ. ಮುಂಗಾಲಿನ ಪಾದ ಅಗಲವಾಗಿ ಹರಡಿ, ಮಣಿಕಟ್ಟು ನೆಲದ ಕಡೆ ಬಾಗುತ್ತದೆ. ಮನೆಯವರು ಇದನ್ನು “ಮರಿ ಈಗ ಶಾಂತ ಆಗಿದೆ” ಎಂದುಕೊಳ್ಳುತ್ತಾರೆ. ಮೂರು ತಿಂಗಳ ಮರಿ ಶಾಂತವಾಗಿದ್ದರೆ ಅನುಮಾನಪಡಿ.

ಎರಡು ಫೋಟೋ ತೆಗೆಯಿರಿ. ಮರಿ ಸುಮ್ನೆ ನಿಂತಿರುವಾಗ, ಕ್ಯಾಮೆರಾ ಅದರ ಎದೆಯ ಮಟ್ಟದಲ್ಲಿರಲಿ, ಎದುರಿನಿಂದ ಒಂದು, ಪಕ್ಕದಿಂದ ಒಂದು. ಮೇಲಿಂದ ತೆಗೆದರೆ ಕಾಲಿನ ಬಾಗು ಕಾಣುವುದಿಲ್ಲ.

## ಹಂತ 2: ಓಡಾಟ ನಿಲ್ಲಿಸಿ

ಎಕ್ಸ್-ರೇಗೂ ಮುಂಚೆ ಇದು. ಮೂಳೆ ತೆಳುವಾಗಿದ್ದರೆ ಒಂದು ಜಿಗಿತ ಸಾಕು, ಎಳೆ ಬಿದಿರಿನ ಹಾಗೆ ಒಂದು ಕಡೆ ಬಾಗಿ ಇನ್ನೊಂದು ಕಡೆ ಸೀಳುತ್ತದೆ. ಬೆನ್ನುಮೂಳೆ ಕುಸಿದು ನರಕ್ಕೆ ಪೆಟ್ಟಾದರೆ ಆಮೇಲೆ ಎಷ್ಟು ಒಳ್ಳೆಯ ಊಟ ಹಾಕಿದರೂ ಹಿಂಗಾಲು ಮರಳದೇ ಹೋಗಬಹುದು.

ಮರಿ ಎದ್ದು ನಿಂತು, ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗವಿರುವ ಪಂಜರ ಅಥವಾ ಬೇಲಿ ಮಾಡಿ. ಟೈಲ್ಸ್ ನೆಲದ ಮೇಲೆ ಹಳೆಯ ಚಾಪೆ, ಯೋಗಾ ಮ್ಯಾಟ್, ಗೋಣಿಚೀಲ ಯಾವುದಾದರೂ ಹಾಸಿ, ಕಾಲು ಜಾರಬಾರದು. ಮೂತ್ರಕ್ಕೆ ಹೊರಗೆ ಕರೆದುಕೊಂಡು ಹೋಗುವಾಗ ಎದೆ ಮತ್ತು ಸೊಂಟ ಎರಡಕ್ಕೂ ಕೈ ಕೊಟ್ಟು ಎತ್ತಿ. ಮುಂಗಾಲಿನ ಕಂಕುಳಿಗೆ ಕೈ ಹಾಕಿ ನೇತಾಡಿಸಬೇಡಿ. ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ.

ಇಲ್ಲಿ ಆಗುವ ತಪ್ಪು: ಎಣ್ಣೆ ಹಚ್ಚಿ ಕಾಲು ನೀವಿ ನೆಟ್ಟಗೆ ಮಾಡಲು ಹೋಗುವುದು. ಹಸುಗೂಸಿಗೆ ಮಾಡಿದ ಹಾಗೆ ಇಲ್ಲಿ ಮಾಡಿದರೆ ಮೂಳೆ ನಿಮ್ಮ ಕೈಯಲ್ಲೇ ಮುರಿಯಬಹುದು. ಬಿದಿರ ಕಡ್ಡಿ ಇಟ್ಟು ಪಟ್ಟಿ ಕಟ್ಟುವುದೂ ಬೇಡ.

## ಹಂತ 3: ಎಕ್ಸ್-ರೇ ಮಾಡಿಸಿ, ರಕ್ತದ ವರದಿ ನೋಡಿ ಸಮಾಧಾನಪಡಬೇಡಿ

ಬಹಳ ಜನ ಇಲ್ಲಿ ದಾರಿ ತಪ್ಪುತ್ತಾರೆ. ರಕ್ತ ಪರೀಕ್ಷೆ ಮಾಡಿಸುತ್ತಾರೆ, ಕ್ಯಾಲ್ಸಿಯಂ ನಾರ್ಮಲ್ ಅಂತ ಬರುತ್ತದೆ, ಹಾಗಾದರೆ ಕೊರತೆ ಇಲ್ಲ ಎಂದು ಮನೆಗೆ ಹೋಗುತ್ತಾರೆ.

ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾದರೆ ಹೃದಯ, ನರ, ಸ್ನಾಯು ಎಲ್ಲದರ ಕೆಲಸವೂ ಕೆಡುತ್ತದೆ. ಹಾಗಾಗಿ ಊಟದಿಂದ ಬಾರದಿದ್ದರೆ ದೇಹ ಅದನ್ನು ಮೂಳೆಯಿಂದ ತೆಗೆಯುತ್ತದೆ. ಕುತ್ತಿಗೆಯಲ್ಲಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಹಾರ್ಮೋನ್ ಬಿಡುತ್ತವೆ, ಅದರ ಅಪ್ಪಣೆಯಂತೆ ಮೂಳೆ ಕರಗಿ ಕ್ಯಾಲ್ಸಿಯಂ ರಕ್ತಕ್ಕೆ ಸೇರುತ್ತದೆ. ರಕ್ತದ ಲೆಕ್ಕ ಸರಿಯಾಗಿಯೇ ಇರುತ್ತದೆ, ಖಾಲಿಯಾಗುವುದು ಮೂಳೆ. ಊಟದಲ್ಲಿ ಕ್ಯಾಲ್ಸಿಯಂಗಿಂತ ರಂಜಕ (ಫಾಸ್ಫರಸ್) ಬಹಳ ಜಾಸ್ತಿ ಇದ್ದರೆ ಈ ಕರಗುವಿಕೆ ಇನ್ನೂ ಜೋರಾಗುತ್ತದೆ. ಮೂಳೆಯಿಲ್ಲದ ಮಾಂಸದಲ್ಲಿ ಇರುವುದೇ ಹಾಗೆ.

ಎಕ್ಸ್-ರೇಯಲ್ಲಿ ಡಾಕ್ಟರನ್ನು ಮೂರು ಸಂಗತಿ ಕೇಳಿ. ಒಂದು, ಕಾಲಿನ ಉದ್ದ ಮೂಳೆಯ ಹೊರಗೋಡೆ ದಪ್ಪಗೆ ಬೆಳ್ಳಗಿದೆಯಾ, ಇಲ್ಲ ಪೆನ್ಸಿಲ್ ಗೆರೆಯಷ್ಟು ತೆಳುವಾಗಿದೆಯಾ? ಕೊರತೆ ಇರುವ ಮರಿಯಲ್ಲಿ ಮೂಳೆಯೂ ಸುತ್ತಲಿನ ಮಾಂಸವೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣಕ್ಕೆ ಬಂದಿರುತ್ತವೆ. ಎರಡು, ಮಡಿಚಿದಂತಹ ಹಳೆಯ ಬಿರುಕುಗಳಿವೆಯಾ? ಮೂರು, ಮೂಳೆ ಬೆಳೆಯುವ ತುದಿಯ ಪಟ್ಟಿ ಮಾಮೂಲಿ ಅಗಲವಿದೆಯಾ? ಆ ಪಟ್ಟಿ ಸರಿಯಿದ್ದು ಗೋಡೆ ಮಾತ್ರ ತೆಳುವಾಗಿದ್ದರೆ ಕ್ಯಾಲ್ಸಿಯಂ-ರಂಜಕದ ಏರುಪೇರು. ಪಟ್ಟಿಯೇ ಅಗಲವಾಗಿದ್ದರೆ ರಿಕೆಟ್ಸ್, ಅಂದರೆ ವಿಟಮಿನ್ ಡಿ ಕಡೆ ನೋಡಬೇಕು. ನಾಯಿಮರಿಗಳಲ್ಲಿ ನಿಜವಾದ ರಿಕೆಟ್ಸ್ ಅಪರೂಪ, ಆದರೆ ಸೊಟ್ಟ ಕಾಲು ಕಂಡ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಆ ಹೆಸರೇ.

ಎಕ್ಸ್-ರೇ ಇನ್ನೊಂದು ಉಪಕಾರ ಮಾಡುತ್ತದೆ. ಎಲ್ಲ ಸೊಟ್ಟ ಕಾಲೂ ಕ್ಯಾಲ್ಸಿಯಂ ಕೊರತೆಯಲ್ಲ. ನುಣುಪು ನೆಲದಲ್ಲಿ ಬೆಳೆಯುವ ಮರಿಗಳಿಗೆ ಮಣಿಕಟ್ಟು ಸಡಿಲವಾಗಿ ಪಾದ ಬಾಗುವುದುಂಟು. ಮೂಳೆ ಗಟ್ಟಿಯಾಗಿಯೇ ಇರುತ್ತದೆ, ನೆಲಕ್ಕೆ ಚಾಪೆ ಹಾಸಿ ಊಟ ಸರಿಯಾಗಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಿದ್ದು ಬೆಳವಣಿಗೆಯ ಪಟ್ಟಿಗೆ ಪೆಟ್ಟಾದರೂ ಒಂದು ಕಾಲು ಬಾಗುತ್ತದೆ. ಇಂಥ ಮರಿಗಳಿಗೆ ಸಿರಪ್ ಸುರಿದು ಪ್ರಯೋಜನವಿಲ್ಲ.

ಊರಿನ ಕ್ಲಿನಿಕ್‌ನಲ್ಲಿ ಎಕ್ಸ್-ರೇ ಇಲ್ಲದಿದ್ದರೆ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನಂಥ ಕಡೆ ಇರುವ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಿ. ಪ್ರಯಾಣ ಬುಟ್ಟಿಯಲ್ಲೋ ಪಂಜರದಲ್ಲೋ ಇರಲಿ, ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬೇಡ.

## ಹಂತ 4: ಮೂರು ದಿನದ ಊಟ ತೂಗಿ ಬರೆಯಿರಿ

ಬೇಯಿಸಿದ ಮೇಲೆ, ಬಟ್ಟಲಿಗೆ ಹಾಕುವ ಮುಂಚೆ ತೂಗಿ. ಚಿಕನ್ ಬೇರೆ, ಅನ್ನ ಬೇರೆ. ಉಳಿಸಿದ್ದನ್ನೂ ತೂಗಿ ಕಳೆಯಿರಿ. ಬಿಸ್ಕತ್ತು, ಚಪಾತಿ ಚೂರು, ಅಜ್ಜಿ ಮೇಜಿನ ಕೆಳಗೆ ಜಾರಿಸುವ ಬ್ರೆಡ್ಡು ಎಲ್ಲವೂ ನೋಟ್‌ಬುಕ್ಕಿಗೆ ಬರಬೇಕು. “ಒಂದು ಬಟ್ಟಲು” ಅಂತ ಬರೆದರೆ ಲೆಕ್ಕವಲ್ಲ.

ನೂರು ಗ್ರಾಂನಲ್ಲಿ ಏನಿರುತ್ತದೆ ಎಂಬ ಅಂದಾಜು ಇಲ್ಲಿದೆ:

- ಬೇಯಿಸಿದ ಬೋನ್‌ಲೆಸ್ ಚಿಕನ್: 165 ಕ್ಯಾಲೊರಿ, ಕ್ಯಾಲ್ಸಿಯಂ 15 ಮಿ.ಗ್ರಾಂ, ರಂಜಕ 225 ಮಿ.ಗ್ರಾಂ
- ಅನ್ನ: 130 ಕ್ಯಾಲೊರಿ, ಕ್ಯಾಲ್ಸಿಯಂ 10, ರಂಜಕ 40
- ಹಾಲು, ಮೊಸರು: ಕ್ಯಾಲ್ಸಿಯಂ ಸುಮಾರು 120, ರಂಜಕ 95
- ಚಿಪ್ಪಿಲ್ಲದ ಮೊಟ್ಟೆ: ಕ್ಯಾಲ್ಸಿಯಂ 50ರ ಆಸುಪಾಸು, ರಂಜಕ ಅದರ ಮೂರು-ನಾಲ್ಕು ಪಟ್ಟು
- ಬೇಯಿಸಿದ ಕೋಳಿ ಲಿವರ್: ಕ್ಯಾಲ್ಸಿಯಂ 10, ರಂಜಕ 400ರ ಸುತ್ತ
- ರಾಗಿ ಹಿಟ್ಟು: ಕ್ಯಾಲ್ಸಿಯಂ ಸುಮಾರು 350

## ಹಂತ 5: ಮರಿಗೆ ಎಷ್ಟು ಬೇಕು, ಎಷ್ಟು ಸಿಗುತ್ತಿದೆ?

ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ. ಐದು ಕಿಲೋ ತೂಕದ ಮೂರು ತಿಂಗಳ ಮರಿ ಎಂದಿಟ್ಟುಕೊಳ್ಳೋಣ.

ತೂಕವನ್ನು ಮೂರು ಸಲ ಗುಣಿಸಿ: 5 × 5 × 5 = 125. ವರ್ಗಮೂಲದ ಗುಂಡಿ ಎರಡು ಸಲ ಒತ್ತಿ: 11.18, ಆಮೇಲೆ 3.34. ಅದನ್ನು 70ರಿಂದ ಗುಣಿಸಿ: 234. ನಾಲ್ಕು ತಿಂಗಳೊಳಗಿನ ಮರಿಗೆ ಇದರ ಮೂರು ಪಟ್ಟು, ಆಮೇಲೆ ಬೆಳೆಯುವ ತನಕ ಎರಡು ಪಟ್ಟು. ನಮ್ಮ ಮರಿಗೆ ದಿನಕ್ಕೆ ಸುಮಾರು 700 ಕ್ಯಾಲೊರಿ.

ಬೆಳೆಯುವ ಮರಿಗೆ ಒಂದು ಕ್ಯಾಲೊರಿಗೆ 3 ಮಿ.ಗ್ರಾಂ ಕ್ಯಾಲ್ಸಿಯಂ, 2.5 ಮಿ.ಗ್ರಾಂ ರಂಜಕ ಬೇಕು. ಅಂದರೆ 2,100 ಮತ್ತು 1,750 ಮಿ.ಗ್ರಾಂ.

ಈಗ ಬಟ್ಟಲು ನೋಡಿ. 250 ಗ್ರಾಂ ಚಿಕನ್, 225 ಗ್ರಾಂ ಅನ್ನ, ಕ್ಯಾಲೊರಿ ಸರಿಯಾಗಿ 700 ಆಗುತ್ತದೆ. ಮರಿಯ ಹೊಟ್ಟೆ ತುಂಬುತ್ತದೆ, ಮೈ ಮಿರಮಿರ ಮಿಂಚುತ್ತದೆ. ಕ್ಯಾಲ್ಸಿಯಂ ಮಾತ್ರ 60 ಮಿ.ಗ್ರಾಂ, ಬೇಕಾದ್ದರಲ್ಲಿ ನೂರಕ್ಕೆ ಮೂರು ಪಾಲು. ರಂಜಕ ಸುಮಾರು 650.

ಐದು ಮಿ.ಲೀ.ಗೆ 250 ಮಿ.ಗ್ರಾಂ ಕ್ಯಾಲ್ಸಿಯಂ ಇರುವ ಸಿರಪ್ ಎರಡು ಚಮಚ ಹಾಕಿದರೂ 500 ಬಂತು, ಅಷ್ಟೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರ ಇದೇ.

ಲೇಬಲ್ ಓದುವಾಗ ಒಂದು ಎಚ್ಚರ. “ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿ.ಗ್ರಾಂ” ಎಂದಿದ್ದರೆ ಅದರಲ್ಲಿ ಕ್ಯಾಲ್ಸಿಯಂ ಇರುವುದು 500. ಗ್ಲುಕೋನೇಟ್ ಆದರೆ ನೂರಕ್ಕೆ ಒಂಬತ್ತೇ ಪಾಲು. “ಎಲಿಮೆಂಟಲ್” ಎಂದು ಬರೆದಿರುವ ಅಂಕಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ರಾಗಿ ಅಂಬಲಿ ಕೊಡುವವರಿಗೂ ಇದೇ ಲೆಕ್ಕ. ರಾಗಿಯಲ್ಲಿ ಕ್ಯಾಲ್ಸಿಯಂ ಇರುವುದು ನಿಜ, ಅಕ್ಕಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೆ ಈ ಮರಿಗೆ ರಾಗಿಯೊಂದರಿಂದಲೇ 2,100 ಮುಟ್ಟಿಸಲು ದಿನಕ್ಕೆ 600 ಗ್ರಾಂ ಹಿಟ್ಟು ಬೇಕು. ದೊಡ್ಡವರೇ ಅಷ್ಟು ಮುದ್ದೆ ತಿನ್ನುವುದು ಕಷ್ಟ, ಅಲ್ವಾ? ಅದರಲ್ಲಿರುವ ಫೈಟೇಟ್ ಎಂಬ ಅಂಶ ಬೇರೆ ಕ್ಯಾಲ್ಸಿಯಂ ಮೈಗೆ ಹತ್ತದಂತೆ ತಡೆಯುತ್ತದೆ. ಮೊಸರನ್ನದಲ್ಲೂ ಅಷ್ಟೆ. ಕಾಲು ಕಿಲೋ ಮೊಸರು ಹಾಕಿದರೂ ಸಿಗುವುದು 300. ಮೂಳೆ ಸೂಪಿನಲ್ಲಂತೂ ಕ್ಯಾಲ್ಸಿಯಂ ಇಲ್ಲವೆಂದೇ ಹೇಳಬೇಕು, ಎಷ್ಟು ಕುದಿಸಿದರೂ ಮೂಳೆಯದ್ದು ಮೂಳೆಯಲ್ಲೇ ಉಳಿಯುತ್ತದೆ.

## ಹಂತ 6: ಊಟವನ್ನೇ ಬದಲಿಸಿ

ನನ್ನ ಅಭಿಪ್ರಾಯ ಖಡಾಖಂಡಿತ: ಮೂಳೆ ಈಗಾಗಲೇ ತೆಳುವಾಗಿರುವ ಮರಿಗೆ ಬೆಳವಣಿಗೆ ಮುಗಿಯುವ ತನಕ ಮನೆ ಅಡುಗೆಯ ಪ್ರಯೋಗ ಬೇಡ. ಒಳ್ಳೆಯ ಪಪ್ಪಿ ಫುಡ್‌ಗೆ ಬದಲಿಸಿ. ಸಸ್ಯಾಹಾರಿ ಮನೆಯಲ್ಲಿ ಬೆಳೆಯುವ ಮರಿಗೂ ಇದೇ ಸುಲಭದ ದಾರಿ.

ಪ್ಯಾಕೆಟ್ ಹಿಂದೆ “ಕಂಪ್ಲೀಟ್ ಅಂಡ್ ಬ್ಯಾಲೆನ್ಸ್ಡ್” ಜೊತೆಗೆ “ಗ್ರೋತ್” ಅಥವಾ “ಆಲ್ ಲೈಫ್ ಸ್ಟೇಜಸ್” ಎಂದಿರಬೇಕು. “ಅಡಲ್ಟ್” ಬೇಡ. “ಕಾಂಪ್ಲಿಮೆಂಟರಿ”, “ಟ್ರೀಟ್” ಎಂದಿದ್ದರೆ ಅದು ಊಟವಲ್ಲ, ತಿಂಡಿ. ಒಣ ಆಹಾರದಲ್ಲಿ ಕ್ಯಾಲ್ಸಿಯಂ ಶೇ. 1.2ಕ್ಕಿಂತ ಕಡಿಮೆ ಇರಬಾರದು. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್, ರಾಟ್‌ವೀಲರ್, ಗ್ರೇಟ್ ಡೇನ್‌ನಂಥ ದೊಡ್ಡ ತಳಿಯ ಮರಿಗೆ ಶೇ. 1.8 ದಾಟಬಾರದು.

ಹೊಟ್ಟೆ ಕೆಡದಂತೆ ಸುಮಾರು ಒಂದು ವಾರದಲ್ಲಿ ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿ. ಚಿಕನ್ ರುಚಿ ಹತ್ತಿದ ಮರಿ ಮೊದಲೆರಡು ದಿನ ಮುಖ ತಿರುಗಿಸುತ್ತದೆ. ಬಿಸಿನೀರಲ್ಲಿ ನೆನೆಸಿ, ಚಿಕನ್ ಬೇಯಿಸಿದ ಉಪ್ಪಿಲ್ಲದ ನೀರು ಎರಡು ಚಮಚ ಹಾಕಿ ಕೊಡಿ.

ಇಲ್ಲಿ ಆಗುವ ತಪ್ಪು ಎರಡು. ಮೊದಲನೆಯದು, ಚಿಕನ್-ಅನ್ನದ ಮೇಲೆ ಒಂದು ಹಿಡಿ ಪಪ್ಪಿ ಫುಡ್ ಉದುರಿಸಿ ಬದಲಾಯಿಸಿದೆವು ಎಂದುಕೊಳ್ಳುವುದು. ಅರ್ಧ ಬಟ್ಟಲು ಚಿಕನ್-ಅನ್ನವಿದ್ದರೆ ಅರ್ಧ ಕೊರತೆ ಹಾಗೇ ಇದೆ. ಹೊರಗಿನ ತಿಂಡಿಯೆಲ್ಲ ಸೇರಿ ದಿನದ ಕ್ಯಾಲೊರಿಯ ಹತ್ತನೇ ಒಂದು ಪಾಲು ಮೀರದಿರಲಿ.

ಎರಡನೆಯದು ಇನ್ನೂ ಕೆಟ್ಟದ್ದು: ಸರಿಯಾದ ಪಪ್ಪಿ ಫುಡ್ ಕೊಡುತ್ತಾ ಜೊತೆಗೆ ಸಿರಪ್ಪನ್ನೂ ಮುಂದುವರಿಸುವುದು. ಶೇ. 1.2 ಇರುವ ಆಹಾರ 200 ಗ್ರಾಂ ತಿಂದರೆ ಮರಿಗೆ 2,400 ಮಿ.ಗ್ರಾಂ ಸಿಕ್ಕಿತು. ಮೇಲೆ ಏನೂ ಬೇಡ. ಬೆಳೆದ ನಾಯಿಯಾದರೆ ಹೆಚ್ಚಾದದ್ದನ್ನು ಕರುಳೇ ಬಿಟ್ಟುಬಿಡುತ್ತದೆ. ಸುಮಾರು ಆರು ತಿಂಗಳೊಳಗಿನ ಮರಿಗೆ ಆ ತಡೆ ಇನ್ನೂ ಬಲಿತಿರುವುದಿಲ್ಲ, ಕೊಟ್ಟಷ್ಟೂ ಒಳಗೆ ಸೇರುತ್ತದೆ. ದೊಡ್ಡ ತಳಿಗಳಲ್ಲಿ ಇದರಿಂದ ಬೆಳೆಯುವ ಮೃದ್ವಸ್ಥಿ (ಮೆದು ಮೂಳೆ) ಸರಿಯಾಗಿ ಗಟ್ಟಿ ಮೂಳೆಯಾಗದೆ, ಕಾಲು ಸೊಟ್ಟಗಾಗುತ್ತದೆ. ಸೊಟ್ಟ ಕಂಡು ಮನೆಯವರು ಮತ್ತೊಂದು ಚಮಚ ಏರಿಸುತ್ತಾರೆ. ಸಿರಪ್ ನಿಲ್ಲಿಸಬೇಕೇ ಎಂದು ಡಾಕ್ಟರನ್ನು ನೇರವಾಗಿ ಕೇಳಿ.

## ಹಂತ 7: ಮನೆ ಅಡುಗೆಯೇ ಆಗಬೇಕೆಂದರೆ

ಮೊಟ್ಟೆ ಚಿಪ್ಪಿನ ಪುಡಿ ಹಾಕಿದರೆ ಆಯಿತಲ್ಲ ಎನ್ನುವವರು ಬಹಳ. ಒಂದು ಚಿಪ್ಪು ಐದು ಗ್ರಾಂ ಇದ್ದರೆ ಅದರಲ್ಲಿ ಕ್ಯಾಲ್ಸಿಯಂ ಸುಮಾರು 1,900 ಮಿ.ಗ್ರಾಂ. ನಮ್ಮ ಐದು ಕಿಲೋ ಮರಿಯ ಬಟ್ಟಲಿಗೆ ಒಂದು ಚಿಪ್ಪು ಹಾಕಿದರೆ ಕ್ಯಾಲ್ಸಿಯಂ ಹತ್ತಿರ ಹತ್ತಿರ ಸರಿಯಾಯಿತು. ಆದರೆ ರಂಜಕ 650ರಲ್ಲೇ ನಿಂತಿದೆ, ಬೇಕಾದದ್ದು 1,750. ಕ್ಯಾಲ್ಸಿಯಂ ರಂಜಕದ ಎರಡು ಪಟ್ಟಿಗಿಂತ ಮೇಲೆ ಹೋಗಬಾರದು, ಇಲ್ಲಿ ಮೂರು ಪಟ್ಟಾಯಿತು. ಚಿಪ್ಪಿನಲ್ಲಿ ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಬೆಳೆಯುವ ಮರಿಗೆ ಎರಡೂ ಇರುವ ಡೈಕ್ಯಾಲ್ಸಿಯಂ ಫಾಸ್ಫೇಟ್‌ನಂಥದ್ದು, ಜೊತೆಗೆ ಸತು, ತಾಮ್ರ, ಅಯೋಡಿನ್, ವಿಟಮಿನ್ ಡಿ ಮತ್ತು ಇ ಸೇರಿದ ಪಟ್ಟಿ ಬೇಕು. ಇದನ್ನು ನಿಮ್ಮ ಮೂರು ದಿನದ ನೋಟ್‌ಬುಕ್ ನೋಡಿ ಪಶುವೈದ್ಯರೇ ಗ್ರಾಂ ಲೆಕ್ಕದಲ್ಲಿ ಬರೆದುಕೊಡಬೇಕು.

ಬೆಳೆದ ನಾಯಿಗೆ ಚಿಪ್ಪಿನ ಪುಡಿ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಅದರ ಅಗತ್ಯ ಕ್ಯಾಲೊರಿಗೆ 1.25 ಮಿ.ಗ್ರಾಂ ಮಾತ್ರ. ದಿನಕ್ಕೆ ಸುಮಾರು 1,050 ಕ್ಯಾಲೊರಿ ತಿನ್ನುವ 20 ಕಿಲೋ ನಾಯಿಗೆ ಮೂರೂವರೆ ಗ್ರಾಂ ಪುಡಿ ಸಾಕು. ಮಾಡುವ ವಿಧಾನ:

1. ಚಿಪ್ಪು ತೊಳೆದು ಹತ್ತು ನಿಮಿಷ ಕುದಿಸಿ.
2. ಬಟ್ಟೆಯ ಮೇಲೆ ಹರಡಿ ಪೂರ್ತಿ ಒಣಗಿಸಿ. ತೇವ ಉಳಿದರೆ ಮಿಕ್ಸಿಯಲ್ಲಿ ಮುದ್ದೆಯಾಗುತ್ತದೆ.
3. ಮಿಕ್ಸಿಯ ಚಿಕ್ಕ ಜಾರಿನಲ್ಲಿ ಪುಡಿ ಮಾಡಿ. ಮುಚ್ಚಳ ಕೂಡಲೇ ತೆಗೆಯಬೇಡಿ, ಧೂಳು ಮೂಗಿಗೆ ಬರುತ್ತದೆ.
4. ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಬೆರಳಲ್ಲಿ ಉಜ್ಜಿದರೆ ಮೈದಾ ಹಾಗಿರಬೇಕು. ತರಿತರಿಯಾದದ್ದನ್ನು ಮತ್ತೆ ರುಬ್ಬಿ.
5. ತೂಗಿ, ಊಟಕ್ಕೆ ಚೆನ್ನಾಗಿ ಕಲಸಿ ಕೊಡಿ.

## ಮಾಡಲೇಬಾರದವು

ವಿಟಮಿನ್ ಡಿ ಸ್ಯಾಶೆ. ಮೆಡಿಕಲ್ ಶಾಪಿನಲ್ಲಿ ಮನುಷ್ಯರಿಗೆಂದು ಸಿಗುವ 60,000 ಐಯು ಪ್ಯಾಕೆಟ್ ಐದು ಕಿಲೋ ಮರಿಗೆ ವಿಷ. ಅದರಲ್ಲಿ 1.5 ಮಿ.ಗ್ರಾಂ ವಿಟಮಿನ್ ಇದೆ, ಅಂದರೆ ಮರಿಯ ತೂಕದ ಕಿಲೋಗೆ 0.3 ಮಿ.ಗ್ರಾಂ. ಕಿಲೋಗೆ 0.1 ದಾಟಿದರೇ ವಾಂತಿ, ಅತಿ ಬಾಯಾರಿಕೆ, ಮೂತ್ರಪಿಂಡದ ತೊಂದರೆ ಶುರುವಾಗಬಹುದು. ಆಗಲೇ ಕೊಟ್ಟಿದ್ದರೆ ಲಕ್ಷಣಕ್ಕೆ ಕಾಯದೆ ಹೊರಡಿ.

ಬಿಸಿಲಿಗೆ ಕಟ್ಟುವುದು. ನಾಯಿಯ ಚರ್ಮ ಬಿಸಿಲಿನಲ್ಲಿ ಸಾಕಷ್ಟು ವಿಟಮಿನ್ ಡಿ ತಯಾರಿಸುವುದಿಲ್ಲ, ಅದು ಊಟದಿಂದಲೇ ಬರಬೇಕು. ಮರಿಗೆ ಸಿಗುವುದು ಬಿಸಿಲಿನ ಹೊಡೆತ ಮಾತ್ರ.

ಎಲೆಅಡಿಕೆಯ ಸುಣ್ಣ. ಬಾಯಿ, ಅನ್ನನಾಳ ಸುಡುತ್ತದೆ.

ಬೇಯಿಸಿದ ಮೂಳೆ. ಚೂಪಾಗಿ ಸೀಳಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ನಮ್ಮ ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆ, ಮೂತ್ರಪಿಂಡ ಕೆಡಿಸುತ್ತವೆ. ನೋವು ಪೂರ್ತಿ ಹೋದರೆ ಮರಿ ಜಿಗಿದು ಮೂಳೆ ಮುರಿದುಕೊಳ್ಳುವ ಅಪಾಯವೂ ಇದೆ.

ಜಗಿಯುವ ಸಿಹಿ ಮಾತ್ರೆ. ಲೇಬಲ್‌ನಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ನಾಯಿಗೆ ಪ್ರಾಣಾಪಾಯ.

## ಹಂತ 8: ಸುಧಾರಣೆ ಅಳೆಯುವುದು

ವಾರಕ್ಕೊಮ್ಮೆ ಮರಿಯ ತೂಕ, ಅದೇ ಜಾಗದಲ್ಲಿ ಅದೇ ಎರಡು ಫೋಟೋ. ತೂಕ ಏರಿದ ಹಾಗೆ ಹಂತ 5ರ ಲೆಕ್ಕವನ್ನು ಮತ್ತೆ ಹಾಕಿ.

ಊಟ ಸರಿಯಾದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ನೋವು ಇಳಿಯುತ್ತದೆ, ಮರಿ ಬಾಲ ಆಡಿಸಿಕೊಂಡು ಪಂಜರದ ಬಾಗಿಲಿಗೆ ಬರುತ್ತದೆ. ಎಚ್ಚರ ಬೇಕಾದ ಹೊತ್ತು ಇದೇ. ನೋವು ಹೋಗಿದೆ, ಮೂಳೆ ಇನ್ನೂ ತೆಳುವಾಗಿದೆ. ಸುಮಾರು ನಾಲ್ಕು ವಾರಕ್ಕೆ ಮತ್ತೊಂದು ಎಕ್ಸ್-ರೇ ಮಾಡಿಸಿ ಗೋಡೆ ದಪ್ಪವಾಗಿದೆ ಎಂದು ಡಾಕ್ಟರ್ ಹೇಳುವ ತನಕ ಮೆಟ್ಟಿಲು, ಸೋಫಾ, ಬೇರೆ ನಾಯಿಗಳ ಜೊತೆ ಕುಸ್ತಿ ಬೇಡ. ತುಂಬಿಸಿ ತುಂಬಿಸಿ ದಪ್ಪ ಮಾಡಲೂ ಬೇಡ, ಆ ಭಾರ ಹೊರುವುದು ಅದೇ ಕಾಲು.

ಎರಡು ವಾರವಾದರೂ ಕುಂಟು ಇಳಿಯದಿದ್ದರೆ, ಹೊಸ ಕಾಲು ಕುಂಟಲು ಶುರುವಾದರೆ, ವಾಂತಿ ಅಥವಾ ಅತಿಯಾದ ಬಾಯಾರಿಕೆ ಕಂಡರೆ ಮತ್ತೆ ತೋರಿಸಿ. ಮೂತ್ರಪಿಂಡದ ಹುಟ್ಟು ದೋಷದಿಂದಲೂ ಮೂಳೆ ಹೀಗೆ ಕರಗುವುದುಂಟು. ಈಗಾಗಲೇ ಬಾಗಿ ಗಟ್ಟಿಯಾದ ಮೂಳೆ ಪೂರ್ತಿ ನೇರವಾಗದೇ ಇರಬಹುದು. ಆ ಕಾಲಲ್ಲೇ ಚೆನ್ನಾಗಿ ಬದುಕುವ ನಾಯಿಗಳಿವೆ, ನಡೆಯಲು ತೊಂದರೆಯಿದ್ದರೆ ಮಾತ್ರ ಬೆಳವಣಿಗೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆಯ ಮಾತಾಡಬಹುದು.

## ಬೆಕ್ಕಿನ ಮರಿ ಇದ್ದವರಿಗೆ

ಬರೀ ಚಿಕನ್ ಅಥವಾ ಬರೀ ಲಿವರ್ ತಿನ್ನುವ ಬೆಕ್ಕಿನ ಮರಿಗೂ ಇದೇ ಕಾಯಿಲೆ ಬರುತ್ತದೆ, ಇನ್ನೂ ಬೇಗ. ಜಿಗಿಯುವುದು ನಿಲ್ಲಿಸಿದ ಮರಿಯನ್ನು ಮೊದಲು ಪಂಜರಕ್ಕೆ ಹಾಕಿ, ಆಮೇಲೆ ಡಾಕ್ಟರ್. ಊಟಕ್ಕೆ “ಗ್ರೋತ್” ಎಂದಿರುವ ಕಿಟನ್ ಫುಡ್ಡೇ ಬೇಕು. ನಾಯಿಯ ಆಹಾರದಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಎಂಬ ಪೋಷಕಾಂಶ ಇರುವ ಭರವಸೆಯಿಲ್ಲ. ಲಿವರ್ ದಿನಾ ಹಾಕಿದರೆ ವಿಟಮಿನ್ ಎ ವಿಪರೀತವಾಗಿ ಕುತ್ತಿಗೆಯ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪ್ಯಾರಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ನೋವಿಗೆಂದು ಚೂರು ಕೂಡ ಕೊಡಬೇಡಿ.